ಜಮಖಾನದೊಳಗಿನ ಭಾಷಣ

ನಮ್ಮ ಬೀದಿಯ ಜನ ನಮ್ಮ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು: "ಆ ಮನೇಲಿ ಹಿಲ್ಕಾ ಇರ್ತಾಳೆ, ಅವಳ ಗಂಡನ ಟೋಪಿ ಇರುತ್ತೆ." ಟೋಪಿಯ ಕೆಳಗೆ ಗಂಡನೂ ಇದ್ದಾನೆಯೇ ಎಂಬ ವಿಚಾರದಲ್ಲಿ ಮಾತ್ರ ಎರಡು ಪಂಗಡಗಳಿದ್ದವು. ಪಕ್ಕದ ಮನೆಯ ಲೆಂಪಿ, ವಯಸ್ಸು ಎಪ್ಪತ್ತೊಂಬತ್ತು, ಕಿವಿಗೆ ಮಾತ್ರ ಇಪ್ಪತ್ತು, ಒಂದು ಸಲ ಬೇಲಿಯಾಚೆಯಿಂದಲೇ ಕೇಳಿಬಿಟ್ಟಳು:

"ಹಿಲ್ಕಾ, ಬೇಜಾರು ಮಾಡ್ಕೋಬೇಡ. ತೈಸ್ತೊ ತೀರಿಕೊಂಡಿದ್ದರೆ ಹೇಳಿಬಿಡು. ಹೂವು ತರೋದೋ ಬೇಡವೋ ಅಂತ ಆರು ತಿಂಗಳಿಂದ ಒದ್ದಾಡ್ತಿದೀನಿ."

ತೈಸ್ತೊ ಆಗ ನನ್ನ ಪಕ್ಕದಲ್ಲೇ ನಿಂತು ಸೇಬಿನ ಗಿಡಕ್ಕೆ ನೀರು ಹಾಕುತ್ತಿದ್ದ!

ಇದರಲ್ಲಿ ತಪ್ಪು ಯಾರದೂ ಅಲ್ಲ, ಭೂಗೋಳದ್ದು. ನಾನು ಸಾವೊ ಸೀಮೆಯ ಹೆಣ್ಣು. ನಮ್ಮಲ್ಲಿ ಒಂದು ಮಾತು ಶುರುವಾದರೆ ಅದು ಮುಗಿಯುವಷ್ಟರಲ್ಲಿ ಕಾಫಿ ಮೂರು ಸಲ ಆರಿ ಮೂರು ಸಲ ಬಿಸಿಯಾಗಿರುತ್ತದೆ. ತೈಸ್ತೊ ಹ್ಯಾಮೆ ಸೀಮೆಯವನು. ಅಲ್ಲಿ ಗಂಡಸು "ಹೂಂ" ಎಂದರೆ ಪೂರ್ತಿ ವಾಕ್ಯ, "ಹೂಂ ಹೂಂ" ಎಂದರೆ ಭಾಷಣ. ಮೂವತ್ತೊಂದು ವರ್ಷದ ಹಿಂದೆ ಈ ಮನುಷ್ಯ ನನ್ನನ್ನು ಮದುವೆಯಾಗುತ್ತೀಯಾ ಎಂದೂ ಕೇಳಲಿಲ್ಲ. ದೋಣಿಯಲ್ಲಿ ಕೂರಿಸಿಕೊಂಡು ಸರೋವರದ ನಡುವಿಗೆ ಹೋದ, ಹುಟ್ಟು ಒಳಗೆಳೆದುಕೊಂಡ, ಜೇಬಿನಿಂದ ಉಂಗುರ ತೆಗೆದು ಅಡ್ಡಹಲಗೆಯ ಮೇಲಿಟ್ಟ. ನಾನೇ ಕೇಳಿದೆ, ನಾನೇ ಒಪ್ಪಿದೆ, ನಾನೇ ಅತ್ತುಬಿಟ್ಟೆ. ಅವನು ತಿರುಗಿ ಹುಟ್ಟು ಹಾಕಿದ.

ಇಂಥವನ ಕೈಗೆ ಫೋನು ಬಂತು ನೋಡಿ! ಅಣೆಕಟ್ಟೆ ಒಡೆಯಿತು. ಬಾಯಿಂದ ಬಾರದ್ದೆಲ್ಲ ಹೆಬ್ಬೆರಳಿನಿಂದ ಹರಿಯತೊಡಗಿತು. ಸೋಫಾದ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು. ನನ್ನ ಫೋನು ಟಿಣ್ ಅನ್ನುತ್ತದೆ. "ಕಾಫಿ ಇದೆಯಾ? ಇದ್ದರೆ ಸಂತೋಷ. ಇಲ್ಲದಿದ್ದರೂ ನೀನಿದ್ದೀಯಲ್ಲ." ನಾನು ಗಾಬರಿಯಾಗಿ ತಿರುಗಿ ನೋಡಿದರೆ ಅದೇ ಮರದ ದಿಮ್ಮಿಯ ಮುಖ! ಕಾಡಿನಲ್ಲಿ ದಿಮ್ಮಿ ಅಳೆಯುವುದೇ ಅವನ ಉದ್ಯೋಗ, ಮುಖಕ್ಕೂ ಅದೇ ಅಂಟಿಕೊಂಡಿದೆ ಎಂದುಕೊಳ್ಳುತ್ತಿದ್ದೆ. ಮಗಳು ಸಾಯ್ಲಾಳಿಗಂತೂ ದಿನಾ ಬೆಳಿಗ್ಗೆ ಒಂದು ಹಕ್ಕಿ. "ಇವತ್ತಿನ ಹಕ್ಕಿ ಮರಕುಟಿಗ. ಏಳು ಗಂಟೆಯಿಂದ ಒಂದೇ ಮರ. ನಿಮ್ಮಮ್ಮನ ಹಾಗೆ, ಬಿಡುವುದಿಲ್ಲ." ಮಗಳು ಮಹಡಿಯ ಕೋಣೆಯಲ್ಲಿ ಓದಿ ನಗುತ್ತಿದ್ದಳು, ಅವನು ಕೆಳಗೆ ಆ ನಗು ಕೇಳುತ್ತಾ ಕೂತಿರುತ್ತಿದ್ದ. ಮೆಟ್ಟಿಲು ಹತ್ತುವ ಶ್ರಮ ಇಬ್ಬರಿಗೂ ಇಲ್ಲ!

ಈಗ ವಿಷಯಕ್ಕೆ ಬರುತ್ತೇನೆ. ಸಾಯ್ಲಾಳ ಮದುವೆ ನಿಶ್ಚಯವಾಯಿತು. ಹುಡುಗ ಓಸ್ಮೊ, ಇಲ್ಲಿಂದ ಆರುನೂರು ಕಿಲೋಮೀಟರ್ ಬಡಗಣಕ್ಕೆ, ವರ್ಷದಲ್ಲಿ ಏಳು ತಿಂಗಳು ರಸ್ತೆಯ ಹಿಮ ಗೋರುವ ಲಾರಿ ಓಡಿಸುವವನು. ಜೂನಿನಲ್ಲಿ ಬರುವ ನಡುಬೇಸಿಗೆಯ ಯುಹಾನ್ನುಸ್ ಹಬ್ಬದ ಶನಿವಾರವೇ ಮದುವೆ, ಭಾನುವಾರವೇ ಅವನ ಊರಿಗೆ ಪಯಣ. ಉಡುಗೊರೆ ಏನು ಬೇಕೇ ಎಂದು ಕೇಳಿದೆ. ಸಾಯ್ಲಾ ತಟ್ಟೆ ಬೇಡ, ಟವೆಲು ಬೇಡ, ದೀಪ ಬೇಡ ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ನಂಗೆ ಒಂದೇ ಬೇಕು. ಮದುವೆ ಕಾಫಿಗೆ ಮುಂಚೆ ಹುಡುಗಿ ಅಪ್ಪ ಮಾತಾಡ್ತಾರಲ್ಲ, ಅಲ್ಲಿ ನೀನು ಎದ್ದು ನಿಂತು ಮಾತಾಡ್ಬೇಕು. ಬಾಯಿಂದ. ಅಷ್ಟೇ."

ತೈಸ್ತೊ ಹಾಲಿನ ಬಣ್ಣಕ್ಕೆ ತಿರುಗಿದ. "ಹೂಂ" ಎಂದ.

ಆ ಹೂಂ ಜನವರಿಯಲ್ಲಿ ಬಂದದ್ದು. ಜೂನ್ ಬಂದರೂ ಎರಡನೆಯ ಹೂಂ ಬರಲಿಲ್ಲ! ಯಾವಾಗ ನೋಡಿದರೂ ಫೋನಿನ ಮೇಲೆ ಬಗ್ಗಿರುತ್ತಿದ್ದ. ಸೌದೆ ಒಡೆಯುವಾಗ ನಡುವೆ ನಿಲ್ಲಿಸಿ ಫೋನು, ಮೀನಿನ ಬಲೆ ಬಿಡಿಸುವಾಗ ಫೋನು. ನನ್ನ ರಕ್ತ ಕುದಿಯಿತು. ಈ ಫೋನೇ ನನ್ನ ಗಂಡನ ನಾಲಿಗೆ ತಿಂದದ್ದು! ಫೋನು ಬರುವ ಮೊದಲು ನಾಲಿಗೆ ಎಲ್ಲಿತ್ತು ಎಂದು ನೀವು ಕೇಳಬಹುದು. ನಾನು ಕೇಳಿಕೊಳ್ಳಲಿಲ್ಲ. ನಾನು ಮಾತಾಡುವವಳು, ಕೇಳುವವಳಲ್ಲ.

ಮದುವೆಯ ವಾರದ ಸೋಮವಾರ ಊಟದ ಮೇಜಿನಲ್ಲಿ ಎದ್ದು ನಿಂತು ಕಟ್ಟಪ್ಪಣೆ ಹೊರಡಿಸಿದೆ.

"ಶನಿವಾರದವರೆಗೆ ಈ ಮನೆಯಲ್ಲಿ ಫೋನಿಲ್ಲ, ಟ್ಯಾಬಿಲ್ಲ! ಮಗಳು ಈ ಮನೇಲಿ ಇರೋದು ಇನ್ನು ಐದೇ ದಿನ. ಐದು ದಿನ ಒಬ್ಬರ ಮುಖ ಒಬ್ಬರು ನೋಡೋಣ! ಬಾಯ್ತುಂಬಾ ಮಾತಾಡೋಣ! ತೈಸ್ತೊ, ಐದು ದಿನದಲ್ಲಿ ನಿನ್ನ ನಾಲಿಗೆಗೆ ಎಣ್ಣೆ ಬಿಟ್ಟು ಹದ ಮಾಡ್ತೀನಿ, ಶನಿವಾರ ನೀನು ಪಾದ್ರಿಗಿಂತ ಜೋರಾಗಿ ಮಾತಾಡ್ತೀಯ!"

"ಅಮ್ಮಾ, ಮದುವೆ ಲೆಕ್ಕಾಚಾರ ಎಲ್ಲಾ ಫೋನಲ್ಲಿದೆ," ಎಂದಳು ಸಾಯ್ಲಾ.

"ನಿಮ್ಮಜ್ಜಿ ಮದುವೆ ಆದಾಗ ಯಾವ ಫೋನಿತ್ತು?"

"ಅಜ್ಜಿ ಮದುವೆಗೆ ಬಂದೋರು ಹನ್ನೊಂದು ಜನ. ನಂಗೆ ತೊಂಬತ್ತು!"

ತೈಸ್ತೊ ತನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ನಾನು ಆಗಲೇ "ಗೊತ್ತು ಗೊತ್ತು, ಕಷ್ಟ ಆಗುತ್ತೆ, ಒಳ್ಳೇದಕ್ಕೇ ಮಾಡ್ತಿರೋದು" ಎಂದು ಕಿತ್ತುಕೊಂಡೆ. ಆ ತೆರೆದ ಬಾಯಿಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಬಚ್ಚಿಡುವ ಪ್ರಶ್ನೆ. ಸಾಯ್ಲಾಳಿಗೆ ನನ್ನ ಗುಪ್ತ ಸ್ಥಳಗಳೆಲ್ಲ ಬಾಯಿಪಾಠ. ಫ್ರೀಜರಿನ ಹಣ್ಣಿನ ಡಬ್ಬಿ, ಹಬೆಸ್ನಾನ ಮಾಡುವ ಸೌನಾ ಕೋಣೆಯ ನೀರಿನ ಬಕೆಟ್ಟು, ಹಳೆಯ ಕಾಫಿ ಡಬ್ಬಿ, ಎಲ್ಲ ಚಿಕ್ಕಂದಿನಲ್ಲೇ ಜಾಲಾಡಿದ್ದಾಳೆ. ಆಗ ನನಗೆ ಹೊಳೆದದ್ದು ಉಗ್ರಾಣದಲ್ಲಿದ್ದ ನಮ್ಮ ಚಿಂದಿ ಜಮಖಾನ. ಏಳು ಮೀಟರ್ ಉದ್ದ. ಮನೆಯ ಹಳೆಬಟ್ಟೆಗಳನ್ನೆಲ್ಲ ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಊರಿನ ಮಗ್ಗದ ಮನೆಯಲ್ಲಿ ಎರಡು ಚಳಿಗಾಲ ಕೂತು ನಾನೇ ನೇಯ್ದದ್ದು. ಮದುವೆಗೆಂದು ನಡುಮನೆಗೆ ಹೊಸದು ಹಾಸಿ ಇದನ್ನು ಸುತ್ತಿ ಮೂಲೆಗಿಟ್ಟಿದ್ದೆ. ಒಂದೊಂದು ಉಪಕರಣಕ್ಕೂ ಒಂದೊಂದು ಉಣ್ಣೆ ಕಾಲುಚೀಲ ತೊಡಿಸಿದೆ. ಜಮಖಾನದ ತುದಿ ಮಡಚಿ, ಒಳಗೆ ಸಾಲಾಗಿ ಮಲಗಿಸಿ, ಮೀನಿನ ಬಲೆಯ ದಾರದಿಂದ ಮೂರು ಸುತ್ತು ಹೊಲಿದೆ. ನಮ್ಮ ಕಡೆ ರೈ ಹಿಟ್ಟಿನ ರೊಟ್ಟಿಯೊಳಗೆ ಇಡೀ ಮೀನುಗಳನ್ನು ತುಂಬಿ ಬೇಯಿಸುತ್ತೇವಲ್ಲ, ಹಾಗೆ! ಕೊಡವಿದರೂ ಬೀಳದು, ಎಳೆದರೂ ಬಿಚ್ಚದು. ನನ್ನ ಹೊಲಿಗೆಗೆ ನಾನೇ ನಮಸ್ಕಾರ ಹಾಕಿ ಬಾಗಿಲು ಮುಚ್ಚಿದೆ.

ಸೋಮವಾರ ಸಂಜೆ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಲೂಗಡ್ಡೆ ಅಗಿಯುವ ಸದ್ದು ಕೇಳಿತು. ನಮ್ಮ ಗೋಡೆ ಗಡಿಯಾರ ಇಷ್ಟು ಜೋರಾಗಿ ಬಡಿಯುತ್ತದೆಂದು ಅವತ್ತೇ ಗೊತ್ತಾದದ್ದು. ನಾನು ಮಾತಾಡಿದೆ. ಸಾಯ್ಲಾ ಕಿಟಕಿಯಾಚೆ ನೋಡಿದಳು. ತೈಸ್ತೊನ ಹೆಬ್ಬೆರಳು ಮೇಜಿನ ಮೇಲೆ ತಾನಾಗಿಯೇ ಏನೋ ಬರೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಚೀಟಿ ನನ್ನ ಕಡೆ ತೆವಳಿ ಬಂತು. ಬಿಡಿಸಿದರೆ: "ಉಪ್ಪು."

"ಪೆನ್ಸಿಲ್ಲೂ ಕೊಡು!" ಎಂದು ಕಿತ್ತುಕೊಂಡೆ.

ಮಂಗಳವಾರ ಓಸ್ಮೊ ಬಂದ. ಬಾಗಿಲಲ್ಲೇ ಅವನ ಫೋನನ್ನೂ ವಶಪಡಿಸಿಕೊಂಡು, ಹೊಲಿಗೆ ಬಿಚ್ಚಿ, ಕಾಲುಚೀಲ ಹಾಕಿ, ಮತ್ತೆ ಹೊಲಿದೆ. ಒಟ್ಟು ನಾಲ್ಕು ಫೋನು, ಒಂದು ಟ್ಯಾಬು. ಬಡಗಣದವರ ಮುಂದೆ ಹ್ಯಾಮೆಯವರೇ ವಾಚಾಳಿಗಳು ಎಂದು ಆವತ್ತು ತಿಳಿಯಿತು. ಮಾವ ಅಳಿಯ ಇಬ್ಬರೂ ದೋಣಿಗಟ್ಟೆಯ ಮೇಲೆ ಎರಡು ಗಂಟೆ ಕೂತು ನೀರು ನೋಡಿದರು. ಎದ್ದು ಬಂದ ಓಸ್ಮೊ, "ನಿಮ್ಮ ಯಜಮಾನರ ಜೊತೆ ಒಳ್ಳೇ ಮಾತುಕತೆ ಆಯ್ತು," ಎಂದ!

ನಾನೊಬ್ಬಳೇ ನಾಲ್ವರ ಮಾತನ್ನೂ ಆಡಿ ಆಡಿ ಗಂಟಲು ಕಟ್ಟಿಕೊಂಡಿತು. ಚರ್ಚಿನ ಹೂವು, ಕೇಕಿನ ಕೆನೆ, ಮಳೆ ಬಂದರೆ ಏನು ಗತಿ, ಮದುವೆಗೆ ಲೆಂಪಿ ಯಾವ ಟೋಪಿ ಹಾಕಿಕೊಂಡು ಬರುತ್ತಾಳೋ, ಜಮಖಾನ ತೊಳೆಯದೆ ಈ ವರ್ಷ ಹಬ್ಬ ಬಂತಲ್ಲ, ಬೀದಿಯವರೆಲ್ಲ ತೊಳೆದು ಒಣಗಿಸಿ ಆಯ್ತು, ಮಗಳ ಮದುವೆ ಮನೇಲಿ ಕೊಳೆ ಜಮಖಾನ ಅಂತ ಲೆಂಪಿ ಆಡಿಕೊಳ್ಳುತ್ತಾಳೆ... ಹೀಗೆ ನೂರೆಂಟು. ನಾನಾಡಿದ ಸಾವಿರ ಮಾತಿನಲ್ಲಿ ಜಮಖಾನದ ಮಾತೂ ಒಂದು. ನನಗೇ ಅದು ಕೇಳಿಸಿರಲಿಲ್ಲ.

ತೈಸ್ತೊನಿಗೆ ಕೇಳಿಸಿತ್ತು.

ಬುಧವಾರ ಬೆಳಿಗ್ಗೆ ನಾನೂ ಸಾಯ್ಲಾಳೂ ಅಡುಗೆಮನೆಯಲ್ಲಿ ದಾಲ್ಚಿನ್ನಿ ಬನ್ನು ಸುತ್ತುತ್ತಿದ್ದೆವು. ಸಾಯ್ಲಾ ನಿಧಾನವಾಗಿ ಮಾತು ತೆಗೆದಳು.

"ಅಮ್ಮಾ, ಎರಡೇ ನಿಮಿಷ ಫೋನ್ ಕೊಡು. ಅಕಾರ್ಡಿಯನ್ ನುಡಿಸೋನು ಎಷ್ಟು ಹೊತ್ತಿಗೆ ಬರ್ತಾನೆ ಅಂತ ಕೇಳ್ಬೇಕು."

"ಬರೋ ಹೊತ್ತಿಗೆ ಬರ್ತಾನೆ."

"ಸಭಾಂಗಣದ ಬಾಗಿಲಿನ ಬೀಗ ತೆಗೆಯೋ ಅಂಕಿಯೂ ಅದರಲ್ಲೇ ಇದೆ."

"ಬಾಗಿಲು ತಟ್ಟಿದರೆ ತೆಗೀತಾರೆ."

"ಯಾರು ತೆಗೀತಾರಮ್ಮಾ? ಬೀಗ ಹಾಕಿದ ಖಾಲಿ ಸಭಾಂಗಣ ಅದು!"

ನನ್ನ ಮನಸ್ಸು ಒಂದಿಷ್ಟು ಕರಗಿತು. ಅಂಕಿ ಒಂದನ್ನು ಬರೆದುಕೊಂಡು ತಕ್ಷಣ ಹೊಲಿದುಬಿಟ್ಟರಾಯಿತು ಎಂದು ಕತ್ತರಿ ತೆಗೆದುಕೊಂಡು ಉಗ್ರಾಣಕ್ಕೆ ಹೋದೆ.

ಮೂಲೆ ಖಾಲಿ!

ಹೊರಗೆ ಓಡಿ ಬಂದರೆ ಬೇಲಿಯ ಮೇಲೆ ಲೆಂಪಿಯ ತಲೆ. ಮುಂಗೈವರೆಗೆ ಒದ್ದೆ, ಮೈಯಿಂದ ಪೈನ್ ಸಾಬೂನಿನ ವಾಸನೆ.

"ಎಂಥಾ ಗಂಡನ್ನ ಇಟ್ಕೊಂಡಿದೀಯೇ ಹಿಲ್ಕಾ! ಬದುಕಿದಾನೆ ಅಂತ ಇವತ್ತು ಖಾತ್ರಿ ಆಯ್ತು. ಸರೋವರದ ದಡದ ಜಮಖಾನ ತೊಳೆಯೋ ಕಟ್ಟೇಲಿ ಅವನೊಬ್ಬನೇ ಗಂಡಸು! ಮನೆಯ ಜಮಖಾನಗಳನ್ನೆಲ್ಲಾ ಕೈಗಾಡೀಲಿ ಹೇರ್ಕೊಂಡು ಬಂದು, ನೆನೆಹಾಕಿ, ಬ್ರಶ್ಶಲ್ಲಿ ಉಜ್ಜಿ..."

"ಉದ್ದದ್ದೂ?" ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ.

"ಅದೇ ಮೊದಲು! ತೊಟ್ಟೀಲಿ ಎರಡು ಗಂಟೆ ನೆನೆಸಿದ. ಆಮೇಲೆ ಹಿಂಡೋ ಯಂತ್ರದ ಎರಡು ಉರುಳೆ ನಡುವೆ ಕೊಟ್ವಿ. ಎಲ್ಲಾ ಚೆನ್ನಾಗಿ ಹೋಗ್ತಿತ್ತು, ಕೊನೆ ತುದೀಲಿ ಸಿಕ್ಕಿಹಾಕ್ಕೊಂಡುಬಿಡ್ತು. ಉರುಳೆ ತಿರುಗೋದೇ ಇಲ್ಲ! ನಾನೂ ಹಿಡಿಗೆ ನೇತಾಡಿದೆ. ಕರಕ್ ಅಂತು, ಆಮೇಲೆ ಸಲೀಸಾಗಿ ಹೋಯ್ತು." ಲೆಂಪಿ ತಲೆ ಓರೆ ಮಾಡಿದಳು. "ಹಿಲ್ಕಾ, ನಿಮ್ಮ ಜಮಖಾನದಲ್ಲಿ ಮೂಳೆ ಇತ್ತಾ?"

ಸೈಕಲ್ಲು ಹತ್ತಿದ್ದು ಗೊತ್ತು, ಇಳಿದದ್ದು ಗೊತ್ತಿಲ್ಲ. ತೊಳೆಯುವ ಕಟ್ಟೆಗೆ ಹೋದರೆ ಒಣಹಾಕುವ ಕಂಬಗಳ ಮೇಲೆ ನಮ್ಮ ಏಳು ಮೀಟರ್, ಬಣ್ಣ ಬಣ್ಣವಾಗಿ, ಹೊಸದರಂತೆ ಮಿರಮಿರ ಮಿಂಚುತ್ತಿತ್ತು. ಬೆಂಚಿನ ಮೇಲೆ ತೈಸ್ತೊ, ಫ್ಲಾಸ್ಕಿನ ಕಾಫಿ ಕುಡಿಯುತ್ತಾ, ಮಗುವಿನಷ್ಟು ಸಂತೋಷದಿಂದ ನನ್ನನ್ನು ನೋಡಿದ. ಬಾಯಿ ತೆರೆದ. ಆ ವಾರದ ಮೊದಲ ಪೂರ್ಣ ವಾಕ್ಯ ಹೊರಬಂತು:

"ಪೈನ್ ಸಾಬೂನು ಹಾಕಿದೀನಿ. ಎರಡು ಸಲ."

"ಹೇಳೋದಲ್ವಾ ಮಾರಾಯಾ! ಜಮಖಾನ ತಗೊಂಡು ಹೋಗ್ತೀನಿ ಅಂತ ಒಂದು ಮಾತು ಹೇಳೋದಲ್ವಾ!"

ತೈಸ್ತೊ ಯೋಚಿಸಿದ. ಹೆಬ್ಬೆರಳು ಎತ್ತಿ ಗಾಳಿಯಲ್ಲಿ ಒತ್ತಿ ತೋರಿಸಿದ. ಮೆಸೇಜು ಹಾಕುತ್ತಿದ್ದೆ, ಎಲ್ಲಿಂದ ಹಾಕಲಿ ಎಂದು ಅರ್ಥ.

ನಾನು ಕತ್ತರಿಯಿಂದ ಹೊಲಿಗೆ ಬಿಚ್ಚಿದೆ. ಕಾಲುಚೀಲಗಳು ನೆಂದು, ಉಜ್ಜಿಸಿಕೊಂಡು, ಗೊಂಬೆಯ ಅಳತೆಗೆ ಕುಗ್ಗಿ ಗಟ್ಟಿಯಾಗಿದ್ದವು. ಒಂದೊಂದನ್ನೂ ಸೀಳಿ ತೆಗೆಯಬೇಕಾಯಿತು. ಒಳಗಿಂದ ಬಂದವು ಮುರಿದ ಗರಿಗರಿ ರೈ ರೊಟ್ಟಿಯಂಥ ತುಂಡುಗಳು. ಟ್ಯಾಬು ಇಂಗ್ಲಿಷಿನ ಎಲ್ ಆಕಾರಕ್ಕೆ ಬಾಗಿತ್ತು. ಎಲ್ಲದರಿಂದಲೂ ಘಮ್ಮೆಂದು ಪೈನ್ ವಾಸನೆ!

ತೈಸ್ತೊ ತನ್ನದನ್ನು ಎತ್ತಿಕೊಂಡ. ಅಲುಗಿಸಿದ. ನೀರು ತೊಟ್ಟಿಕ್ಕಿತು.

"ಭಾಷಣ," ಎಂದ.

"ಯಾವ ಭಾಷಣ?"

"ಸಾಯ್ಲಾದು."

ಆಮೇಲೆ ಬೆರಳು ಮಡಚಿ ಎಣಿಸಿದ: ಜನವರಿ, ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ, ಜೂನ್.

ನಾನು ಬೆಂಚಿನ ಮೇಲೆ ಅವನ ಪಕ್ಕ ಕೂತೆ. ಸೌದೆ ಒಡೆಯುವಾಗ, ಬಲೆ ಬಿಡಿಸುವಾಗ ಆ ಫೋನಿನ ಮೇಲೆ ಬಗ್ಗಿ ಅವನು ಬರೆಯುತ್ತಿದ್ದದ್ದು ಮಗಳು ಕೇಳಿದ ಒಂದೇ ಒಂದು ಉಡುಗೊರೆ! ಸೋಮವಾರ ಬಾಯಿ ತೆರೆದದ್ದು ಅದನ್ನು ಹೇಳಲಿಕ್ಕೆ. ನಾನು ಬಿಟ್ಟರೆ ತಾನೆ?

"ಬೇರೆ ಎಲ್ಲಾದ್ರೂ ಬರೆದಿಟ್ಟಿದೀಯಾ?"

ಇಲ್ಲ ಎಂದು ತಲೆಯಾಡಿಸಿದ.

"ನೆನಪಿದೆಯಾ?"

"ಮೊದಲ ಪದ 'ಸಾಯ್ಲಾ'," ಎಂದ. ಅಷ್ಟೇ!

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಸಾಯ್ಲಾ ಮೊದಲು ನಕ್ಕಳು. ಫೋನಿನ ತುಂಡು ನೋಡಿ ಮತ್ತೆ ನಕ್ಕಳು. ಭಾಷಣದ ವಿಷಯ ಕೇಳಿದ ಮೇಲೆ ನಗು ನಿಂತುಹೋಯಿತು. ಅಪ್ಪನನ್ನು ನೋಡಿ, "ಪರವಾಗಿಲ್ಲ ಅಪ್ಪ, ಮಾತಾಡದಿದ್ರೂ ನಡೆಯುತ್ತೆ," ಎಂದಳು. ಹಿಟ್ಟಿನ ಕೈ ಒರೆಸಿಕೊಂಡು ಮಹಡಿ ಹತ್ತಿದಳು. ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಈ "ಪರವಾಗಿಲ್ಲ" ಹೊತ್ತುಕೊಂಡು ಉಳಿದ ಬನ್ನುಗಳನ್ನು ನಾನೊಬ್ಬಳೇ ಸುತ್ತಿ ಮುಗಿಸಿದೆ.

ಅವತ್ತಿನಿಂದ ಮದುವೆ ನಡೆದದ್ದು ಲೆಂಪಿಯ ಮನೆಯಿಂದ! ಊರಿನಲ್ಲೆಲ್ಲ ತಂತಿ ಫೋನು ಉಳಿಸಿಕೊಂಡವಳು ಅವಳೊಬ್ಬಳೇ. ಹಜಾರದ ಗೋಡೆಗೆ ನೇತುಬಿದ್ದ ಬೂದುಬಣ್ಣದ ಆ ಫೋನೇ ನಮ್ಮ ಪ್ರಧಾನ ಕಚೇರಿ, ಲೆಂಪಿಯೇ ಮಹಾಮಂತ್ರಿ. ಸಭಾಂಗಣದ ಅಂಕಿ ಲೆಂಪಿ ಕೇಳಿದಳು, ಅಕಾರ್ಡಿಯನ್ನಿನವನನ್ನು ಲೆಂಪಿ ಹಿಡಿದಳು, ತೊಂಬತ್ತು ಮಂದಿಗೂ ದಾರಿ ಲೆಂಪಿ ಹೇಳಿದಳು. ಹೇಳುವಾಗಲೆಲ್ಲ, "ಹಿಲ್ಕಾ ಫೋನುಗಳನ್ನ ಜಮಖಾನದಲ್ಲಿ ಹೊಲಿದು ಗಂಡನ ಕೈಲಿ ತೊಳೆಸಿದ್ದು ಗೊತ್ತಲ್ಲ?" ಎಂದು ಶುರುಮಾಡುತ್ತಿದ್ದಳು. ಗೊತ್ತಿಲ್ಲದವರು ಶುಕ್ರವಾರದ ಹೊತ್ತಿಗೆ ಯಾರೂ ಉಳಿಯಲಿಲ್ಲ.

ನಾನು ಪ್ರಾಯಶ್ಚಿತ್ತಕ್ಕೆ ಕೂತೆ. ತೈಸ್ತೊನ ಪರವಾಗಿ ಭಾಷಣ ಬರೆದೆ. ನಾಲ್ಕು ಹಾಳೆ! ಅದರಲ್ಲಿ ಸಾಯ್ಲಾಳ ಹಲ್ಲು ಹುಟ್ಟಿದ ದಿನದಿಂದ ಹಿಡಿದು ಓಸ್ಮೊನ ಲಾರಿಯವರೆಗೆ ಎಲ್ಲ ಇತ್ತು. ತೈಸ್ತೊ ಓದಿದ, ಮಡಚಿದ, ಜೇಬಿಗಿಟ್ಟುಕೊಂಡ.

"ಗಟ್ಟಿಯಾಗಿ ಓದಿ ತೋರಿಸು," ಎಂದೆ.

ಅವನು ಉಗ್ರಾಣಕ್ಕೆ ಹೋಗಿ ಒಳಗಿಂದ ಬಾಗಿಲು ಹಾಕಿಕೊಂಡ. ಗುರುವಾರವೂ ಹಾಗೆ, ಶುಕ್ರವಾರವೂ ಹಾಗೆ. ಓಸ್ಮೊನನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತಿದ್ದ. ಏನು ಮಾಡ್ತಿದೀರಿ ಎಂದು ಓಸ್ಮೊನನ್ನು ಕೇಳಿದೆ. "ಮಾತಾಡ್ತಿದೀವಿ," ಎಂದ. ನಾನು ಬಾಗಿಲಿಗೆ ಕಿವಿಯಿಟ್ಟು ಕೇಳಿದೆ. ಪಿಟಕ್ಕೆಂಬ ಸದ್ದೂ ಇಲ್ಲ!

ಶನಿವಾರ ಚರ್ಚಿನಲ್ಲಿ ಎಲ್ಲ ಸುಸೂತ್ರ. ಅಲ್ಲಿ ಪಾದ್ರಿ ಮಾತಾಡುತ್ತಾನೆ. ಆಮೇಲೆ ಯುವಕ ಸಂಘದ ಸಭಾಂಗಣ, ಉದ್ದುದ್ದ ಮೇಜು, ತೊಂಬತ್ತು ಜನ, ಹೊಗೆಯಾಡಿಸಿದ ಮೀನು, ಹೊಸ ಆಲೂಗಡ್ಡೆ. ಊಟ ಮುಗಿಯಿತು. ಕಾಫಿಯ ಹೂಜಿಗಳು ಬಾಗಿಲಲ್ಲಿ ನಿಂತವು. ನಮ್ಮಲ್ಲಿ ಹುಡುಗಿಯ ತಂದೆ ಮಾತಾಡದೆ ಕಾಫಿ ಬಗ್ಗಿಸುವಂತಿಲ್ಲ. ನಮ್ಮ ಜನ ಏನನ್ನು ಬೇಕಾದರೂ ತಡೆದುಕೊಂಡಾರು, ಕಾಫಿ ತಡವಾದರೆ ತಡೆದುಕೊಳ್ಳರು!

ತೈಸ್ತೊ ಎದ್ದ.

ಜೇಬಿನಿಂದ ನನ್ನ ನಾಲ್ಕು ಹಾಳೆ ತೆಗೆದ. ಬಿಡಿಸಿದ. ನೋಡಿದ. ನಾನು ದೂರದಿಂದಲೇ ಮೊದಲ ಸಾಲನ್ನು ತುಟಿಯಲ್ಲಿ ಆಡಿ ತೋರಿಸಿದೆ. ಅವನು ಹಾಳೆ ಮಡಚಿ ಮತ್ತೆ ಜೇಬಿಗಿಟ್ಟ. ಯಾರೋ ಕೆಮ್ಮಿದರು. ಸಾಯ್ಲಾ ತಟ್ಟೆಯ ಅಂಚನ್ನೇ ನೋಡುತ್ತಿದ್ದಳು. ತೈಸ್ತೊ ಕುರ್ಚಿ ಹಿಂದಕ್ಕೆ ತಳ್ಳಿ, ನೆಟ್ಟಗೆ ನಡೆದು, ಬಾಗಿಲು ದಾಟಿ ಹೊರಗೆ ಹೋಗಿಬಿಟ್ಟ!

"ಹೋದ," ಎಂದಳು ಲೆಂಪಿ, ತೊಂಬತ್ತು ಜನಕ್ಕೂ ಕೇಳುವ ಪಿಸುಮಾತಿನಲ್ಲಿ.

ನಾನು ಅವನನ್ನು ಹಿಡಿದು ತರಲು ಎದ್ದದ್ದೇ ತಡ, ಬಾಗಿಲು ತೆರೆಯಿತು. ತೈಸ್ತೊ! ಹೆಗಲ ಮೇಲೆ ಜಮಖಾನ, ಹಿಂದಿನ ತುದಿಗೆ ಓಸ್ಮೊ, ಯಾವಾಗ ಎದ್ದು ಹೊರಗೆ ಹೋಗಿದ್ದನೋ, ಮದುವೆಯ ಕೋಟಿನಲ್ಲೇ. ಮೇಜುಗಳ ನಡುವಿನ ದಾರಿಯಲ್ಲಿ ಇಳಿಸಿ, ಕಾಲಿನಿಂದ ಒಂದು ನೂಕು ನೂಕಿದ. ಏಳು ಮೀಟರ್ ಉರುಳಿಕೊಂಡು ಹೋಗಿ ಮದುಮಗಳ ಕಾಲಬುಡಕ್ಕೆ ನಿಂತಿತು. ಇಡೀ ಸಭಾಂಗಣಕ್ಕೆ ಪೈನ್ ಸಾಬೂನಿನ ಪರಿಮಳ.

ತೈಸ್ತೊ ಬೂಟು ಕಳಚಿದ. ಕಾಲುಚೀಲದಲ್ಲಿ ಮೊದಲ ಪಟ್ಟೆಯ ಮೇಲೆ ನಿಂತ. ತಲೆ ತಗ್ಗಿಸಿ ಪಟ್ಟೆಯನ್ನೇ ನೋಡುತ್ತಾ, ತುಕ್ಕು ಹಿಡಿದ ಕೀಲಿನಂಥ ಸ್ವರದಲ್ಲಿ, ಶುರು ಮಾಡಿದ.

"ಹಳದಿ. ಸಾಯ್ಲಾನ ಸುತ್ತಿ ತಂದ ಚಾದರ. ಒಂದೇ ಸಮ ಅಳ್ತಿದ್ಲು. ಹಿಲ್ಕಾ ಮಲಗಿದ್ಲು. ನಂಗೆ ಮಗು ಹತ್ರ ಏನ್ ಮಾತಾಡ್ಬೇಕು ಗೊತ್ತಾಗ್ಲಿಲ್ಲ. ಹಕ್ಕಿ ಹೆಸರು ಹೇಳ್ದೆ. ಗೊತ್ತಿದ್ದದ್ದೆಲ್ಲಾ. ಹಂಸಕ್ಕೆ ಬರೋ ಹೊತ್ತಿಗೆ ಸುಮ್ನಾದ್ಲು."

ಒಂದು ಹೆಜ್ಜೆ ಮುಂದೆ ಇಟ್ಟ.

"ನೀಲಿ. ಶಾಲೆಯ ಮೊದಲ ದಿನದ ಕೋಟು. ಕೈ ಬಿಡು ಅಂದ್ಲು. ಬಿಟ್ಟೆ. ಮರದ ಹಿಂದೆ ನಿಂತು ನೋಡಿದೆ. ಅವಳಿಗೆ ಗೊತ್ತಿಲ್ಲ."

"ಗೊತ್ತು!" ಎಂದಳು ಸಾಯ್ಲಾ. "ಮರ ಸಣ್ಣದಿತ್ತು ಅಪ್ಪಾ!"

ಸಭೆ ನಕ್ಕಿತು. ತೈಸ್ತೊನ ಬೆನ್ನು ಕೊಂಚ ನೆಟ್ಟಗಾಯಿತು. ಮತ್ತೊಂದು ಹೆಜ್ಜೆ.

"ಹಸಿರು. ಕಿಟಕಿ ಪರದೆ. ಇವಳು ಕತ್ತರಿಸಿ ಬೆಕ್ಕಿಗೆ ಲಂಗ ಹೊಲಿದಳು. ಹಿಲ್ಕಾ ಬೈಯ್ಯೋಕೆ ಶುರು ಮಾಡಿದ್ಲು. ಇನ್ನೂ ಮುಗಿದಿಲ್ಲ."

ಮೇಜುಗಳು ಗುದ್ದಿಸಿಕೊಂಡವು. ನನಗೆ ಕಣ್ಣೀರು ಬರುವುದೋ ಕೋಪ ಬರುವುದೋ ಎಂದು ಎರಡೂ ಒಟ್ಟಿಗೆ ನಿಂತಿದ್ದವು. ಕೆಂಪು ಬಂತು, ಹಿಮದಲ್ಲಿ ಜಾರಿ ಮಂಡಿ ಹರಿದ ಚಲ್ಲಣ. ಬಿಳಿ ಬಂತು, ಸಾಯ್ಲಾ ಮೊದಲ ಸಲ ತಾನೇ ಕಾಫಿ ಮಾಡಿ ತಂದು ಚೆಲ್ಲಿದ ಮೇಜುಬಟ್ಟೆ. ನಾನು ನೇಯ್ದ ಜಮಖಾನ; ಹತ್ತು ವರ್ಷದಿಂದ ಅದರ ಮೇಲೆ ಓಡಾಡುತ್ತಾ ಮಾತಾಡುತ್ತಿದ್ದವಳು ನಾನು. ಅವನು ಅದೇ ಹತ್ತು ವರ್ಷ ಅದನ್ನು ಓದುತ್ತಿದ್ದ! ಉಗ್ರಾಣದಲ್ಲಿ ಬಾಗಿಲು ಹಾಕಿಕೊಂಡು ಮಾಡಿದ್ದೂ ಅದನ್ನೇ.

ಕೊನೆಗಿಂತ ಹಿಂದಿನ ಪಟ್ಟೆಯಲ್ಲಿ ತೈಸ್ತೊ ನಿಂತ. ಬೂದುಬಣ್ಣದ್ದು.

"ಇದು ನನ್ನ ಅಂಗಿ. ದೋಣೀಲಿ ಉಂಗುರ ಇಟ್ಟ ದಿನ ಹಾಕಿದ್ದು." ನನ್ನ ಕಡೆ ನೋಡಿದ. "ನಾನು ಇದನ್ನ ಇನ್ನೂ ಹಾಕ್ತಿದ್ದೆ ಹಿಲ್ಕಾ. ಹತ್ತು ವರ್ಷದಿಂದ ಹುಡುಕ್ತಾನೇ ಇದ್ದೆ. ಎಲ್ಲಿಟ್ಟೆ ಅಂತ ಕೇಳೋಣ ಅಂದ್ರೆ ನಿನ್ನ ಮಾತಿನ ನಡುವೆ ಜಾಗ ಸಿಗ್ಲಿಲ್ಲ. ಈ ಪಟ್ಟೆ ಸೋಫಾ ಅಡಿ ಇತ್ತು. ಬುಧವಾರ ತೊಳೆಯುವಾಗ ಸಿಕ್ತು."

ತೊಂಬತ್ತು ಜನ ಹೊಟ್ಟೆ ಹಿಡಿದುಕೊಂಡು ಬಿದ್ದರು. ಪಾದ್ರಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ. ತೈಸ್ತೊ ಕೊನೆಯ ಹೆಜ್ಜೆ ಇಟ್ಟು ಮಗಳ ಎದುರು ನಿಂತ. ಹೊಲಿಗೆ ಬಿಚ್ಚಿದ ತುದಿಯಲ್ಲಿ ಬಲೆಯ ದಾರ ಇನ್ನೂ ನೇತಾಡುತ್ತಿತ್ತು.

"ಇಲ್ಲಿ ನನ್ನ ಭಾಷಣ ಇತ್ತು," ಎಂದ. ನಗು ಅಡಗುವವರೆಗೆ ಕಾದ. "ಈಗ ಇದು ನಿಂದು. ಅಲ್ಲಿ ನೆಲ ತಣ್ಣಗಿರುತ್ತೆ."

ಸಾಯ್ಲಾ ಬೂಟು ಕಿತ್ತೆಸೆದು ಜಮಖಾನದ ಮೇಲೆ ಬಂದು ಅಪ್ಪನ ಕೊರಳಿಗೆ ಬಿದ್ದಳು. ಆಮೇಲೆ ಯಾರೋ, "ತಾಯಿಯೂ ಎರಡು ಮಾತಾಡಲಿ!" ಎಂದರು. ನಾನು ಎದ್ದೆ. ಐವತ್ತೆಂಟು ವರ್ಷ ಒಂದು ದಿನವೂ ರಜೆ ಹಾಕದ ಬಾಯಿ! ತೆರೆದೆ. ಏನೂ ಬರಲಿಲ್ಲ. ಮತ್ತೆ ತೆರೆದೆ.

"ಹೂಂ," ಎಂದು ಕೂತೆ.

ಕಾಫಿ ಬಂತು.

ಭಾನುವಾರ ಮಧ್ಯಾಹ್ನ ಓಸ್ಮೊನ ಕಾರಿನ ಮೇಲೆ ಜಮಖಾನ ಏರಿತು. ಸಾಯ್ಲಾ ನಮ್ಮನ್ನು ತಬ್ಬಿಕೊಂಡು ಹೊರಟಳು. ಫ್ಲಾಸ್ಕು ಮರೆತೆ ಎಂದು ವಾಪಸು ಬಂದಳು. ಮತ್ತೆ ತಬ್ಬಿಕೊಂಡು ಹೊರಟಳು, ರಬ್ಬರ್ ಬೂಟು ಎಂದು ಮತ್ತೆ ಬಂದಳು. ಮೂರನೆಯ ಸಲ ಬಂದಾಗ ಏನೂ ಮರೆತಿರಲಿಲ್ಲ. ಬಾಗಿಲಲ್ಲಿ ಬೂಟು ಕಳಚಿ, ನಡುಮನೆಗೆ ಬಂದು, ಹಾಸಿದ್ದ ಹೊಸ ಜಮಖಾನದ ಮೂಲೆಯನ್ನು ಕಾಲಿನಿಂದ ಸರಿಸಿದಳು. ಹಳೆಯದು ಹತ್ತು ವರ್ಷ ಬಿದ್ದಿದ್ದ ಜಾಗದಲ್ಲಿ ನೆಲದ ಬಣ್ಣ ಮಾಸದೆ ಹಾಗೇ ಇತ್ತು. ಅದರ ಮೇಲೆ ಒಂದು ಗಳಿಗೆ ನಿಂತಳು. ಮೂಲೆಯನ್ನು ಮೊದಲಿದ್ದ ಹಾಗೆ ಮುಚ್ಚಿ, ಬೂಟು ಹಾಕಿಕೊಂಡು, ಈ ಸಲ ತಿರುಗಿ ನೋಡದೆ ಹೊರಗೆ ಹೋದಳು.

ಗೇಟಿನಲ್ಲಿ ನಿಂತ ನನಗೆ ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಅದಷ್ಟೂ ಒಟ್ಟಿಗೆ ಸಿಕ್ಕಿಹಾಕಿಕೊಂಡಿತು, ಯಂತ್ರದಲ್ಲಿ ಸಿಕ್ಕ ಜಮಖಾನದ ಹಾಗೆ. ನನ್ನ ಕೈ ತಾನಾಗಿಯೇ ಮೇಲಂಗಿಯ ಜೇಬಿಗೆ ಹೋಯಿತು, ಮೆಸೇಜು ಹಾಕೋಣವೆಂದು! ಜೇಬು ಖಾಲಿ. ತೈಸ್ತೊ ನನ್ನ ಖಾಲಿ ಕೈ ನೋಡಿದ, ನನ್ನ ಮುಖ ನೋಡಿದ. ಕಾರು ಹೊರಟಿತ್ತು. ಅವನು ರಸ್ತೆಗೆ ನುಗ್ಗಿ, ನಮ್ಮ ಬೀದಿ ಎಂದೂ ಕೇಳಿರದ ಸ್ವರದಲ್ಲಿ ಕೂಗಿದ:

"ಸಾಯ್ಲಾ! ಅಮ್ಮ ಹೇಳ್ತಿದಾಳೆ! ತಲುಪಿದ ತಕ್ಷಣ ಫೋನ್ ಮಾಡು!"

ಕಾರು ನಿಂತಿತು. ಕಿಟಕಿಯಿಂದ ಮಗಳ ತಲೆ ಹೊರಬಂತು.

"ಯಾವ ಫೋನಿಗಪ್ಪಾ?"

ನಾನು ತೈಸ್ತೊನನ್ನು ನೋಡಿದೆ. ತೈಸ್ತೊ ಟೋಪಿ ಸರಿಮಾಡಿಕೊಂಡ. ಉತ್ತರ ಬಂದದ್ದು ಬೇಲಿಯ ಮೇಲಿನಿಂದ.

"ನನ್ನ ಮನೆಗೆ ಮಾಡೇ ಹುಡುಗಿ!" ಎಂದಳು ಲೆಂಪಿ. "ಆದರೆ ಸ್ವಲ್ಪ ತಡವಾಗಿ ಮಾಡು! ಹಿಲ್ಕಾ ಸುಮ್ಮನಾದ್ಲು ಅಂತ ಮೊದಲು ಊರಿಗೆಲ್ಲಾ ಹೇಳಿ ಮುಗಿಸ್ಬೇಕು, ಆಮೇಲೆ ಲೈನ್ ಖಾಲಿ ಇರುತ್ತೆ!"